ಜ್ವಾಲೆಯಿಲ್ಲದೆ ಉಕ್ಕು ಕಾಯುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಕಾಯಿಲಿನಿಂದ ಉಕ್ಕಿನ ಮೇಲ್ಮೈ ಕಾಯಿಸಿ ಗಡುಸಾಗಿಸುವ) ಕೆಲಸ ನೋಡಿಕೊಳ್ಳುವ ನನ್ನನ್ನು, ಕಾರ್ಖಾನೆ ನೋಡಲು ಬರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ: 'ಸರ್, ಜ್ವಾಲೆಯಿಲ್ಲ, ಕಾಯಿಲ್ ಶಾಫ್ಟಿಗೆ ತಾಗುವುದೂ ಇಲ್ಲ, ಬಿಸಿ ಎಲ್ಲಿಂದ ಬರುತ್ತದೆ? ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಫ್ಯೂಷನ್ ಯಂತ್ರಗಳಲ್ಲಿ ಪ್ಲಾಸ್ಮಾವನ್ನೂ, ಅಂದರೆ ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲವನ್ನೂ, ಹೀಗೆಯೇ ಕಾಯಿಸುತ್ತಾರೆಯೇ?'

ಬಿಸಿ ಶಾಫ್ಟಿನಲ್ಲಿಯೇ ಹುಟ್ಟುತ್ತದೆ. ಕಾಯಿಲಿನಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತು ಉಕ್ಕಿನಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ, ಅವುಗಳಿಗೆ ಉಕ್ಕು ಒಡ್ಡುವ ರೋಧವೇ ಶಾಖವಾಗುತ್ತದೆ. ದಿಕ್ಕು ಬದಲಿಸುವ ವೇಗ, ಅಂದರೆ ಆವರ್ತನ, ಏರಿದಷ್ಟೂ ಈ ಪ್ರವಾಹ ಹೊರಮೈಗೆ ಸರಿಯುತ್ತದೆ: ಕೆಂಪಗೆ ಕಾದ ಉಕ್ಕಿನಲ್ಲಿ 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 16 ಮಿಲಿಮೀಟರ್ ಆಳದವರೆಗೆ ಹರಿಯುವುದು, 10 ಕಿಲೋಹರ್ಟ್ಸ್‌ನಲ್ಲಿ 5ಕ್ಕೂ, 250 ಕಿಲೋಹರ್ಟ್ಸ್‌ನಲ್ಲಿ 1 ಮಿಲಿಮೀಟರಿಗೂ ಇಳಿಯುತ್ತದೆ. ಆದ್ದರಿಂದಲೇ ಎರಕದ ಕುಲುಮೆಗೆ ಕಡಿಮೆ ಆವರ್ತನ, ಸಣ್ಣ ಗೇರಿನ ಹಲ್ಲಿಗೆ ಹೆಚ್ಚಿನ ಆವರ್ತನ ಬೇಕು. ಮೇಲ್ಮೈ ಮಾತ್ರ ಕಾದಾಗ ತಕ್ಷಣ ನೀರು ಸಿಂಪಡಿಸಿದರೆ ಹೊರಪದರ ಗಡುಸಾಗಿ, ಒಳತಿರುಳು ಹೊಡೆತ ತಾಳುವಂತೆ ಉಳಿಯುತ್ತದೆ. ಎಷ್ಟು ವರ್ಷ ನೋಡಿದರೂ ಇದು ನನಗೆ ಬೆರಗೇ.

ಮೈಕ್ರೋವೇವ್ ಒಲೆಯ 2,450 ಮೆಗಾಹರ್ಟ್ಸ್ ನೀರಿನ ಸಹಜ ಆವರ್ತನ ಎಂಬ ಮಾತನ್ನು ವಿದ್ಯಾರ್ಥಿಗಳು ಕಲಿತು ಬರುತ್ತಾರೆ, ಅದು ತಪ್ಪು. ಅಲ್ಲಿ ನೀರಿನ ಅಣುಗಳು ಅಲೆಯೊಂದಿಗೆ ಹೊರಳಲು ಹೋಗಿ ಹಿಂದೆ ಬೀಳುವುದರಿಂದ ಬಿಸಿ ಹುಟ್ಟುತ್ತದೆ, ಅನುರಣನೆಯಿಂದ, ಅಂದರೆ ಅಲೆಯ ಲಯ ಸಹಜ ಲಯಕ್ಕೆ ಹೊಂದುವುದರಿಂದ, ಅಲ್ಲ.

ನಿಜವಾದ ಅನುರಣನೆ ಇರುವುದು ಫ್ಯೂಷನ್ ಯಂತ್ರದಲ್ಲಿ. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ಪ್ರತಿ ಟೆಸ್ಲಾಗೆ (ಕಾಂತಕ್ಷೇತ್ರದ ಬಲದ ಅಳತೆ) ಸೆಕೆಂಡಿಗೆ ಸುಮಾರು 2,800 ಕೋಟಿ ಸಲ ಸುತ್ತುತ್ತದೆ, ಅದೇ ಲಯದ ಅಲೆ ಬಂದರೆ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಫ್ರಾನ್ಸಿನ ಕಡರಾಶ್‌ನಲ್ಲಿ ಕಟ್ಟಲಾಗುತ್ತಿರುವ, ಉಂಗುರಾಕಾರದ ಫ್ಯೂಷನ್ ಯಂತ್ರ ಐಟರ್‌ನಲ್ಲಿ ಇದಕ್ಕಾಗಿ 170 ಗಿಗಾಹರ್ಟ್ಸ್‌ನ ಅಲೆ ಹುಟ್ಟಿಸುವ ಜೈರೋಟ್ರಾನ್ ಎಂಬ ಕೊಳವೆಗಳಿವೆ. ಕಾಂತಕ್ಷೇತ್ರ ಉಂಗುರದ ನಡುಗಂಬದಿಂದ ದೂರ ಹೋದಂತೆ ಕ್ಷೀಣಿಸುವುದರಿಂದ, ಈ ಲಯ ಹೊಂದುವುದು ಒಂದು ತೆಳು ಪದರದಲ್ಲಿ ಮಾತ್ರ. ಕನ್ನಡಿ ತಿರುಗಿಸಿ ಕಿರಣವನ್ನು ಆ ಪದರದ ಬೇಕಾದ ಜಾಗಕ್ಕೆ ಹಾಯಿಸಬಹುದು. ಭಾರವಾದ ಅಯಾನುಗಳಿಗೆ 40ರಿಂದ 55 ಮೆಗಾಹರ್ಟ್ಸ್ ಸಾಕು, ಆ ರೇಡಿಯೋ ಮೂಲಗಳನ್ನು ಒದಗಿಸುವ ಹೊಣೆ ಭಾರತದ್ದು. ಗುರಿ 15 ಕೋಟಿ ಡಿಗ್ರಿ ಸೆಲ್ಸಿಯಸ್, ಸೂರ್ಯನ ಗರ್ಭದ ಹತ್ತು ಪಟ್ಟು.

ಹಾಗಾದರೆ ಎರಡೂ ಒಂದೇ ಅಲ್ಲ. ಆದರೆ ಬಿಸಿ ಎಲ್ಲಿ ಬೀಳಬೇಕೆಂಬುದನ್ನು ಎರಡು ಕಡೆಯೂ ಆವರ್ತನದಿಂದ ಆರಿಸುತ್ತೇವೆ. ನಮ್ಮ ಕಾಯಿಲ್ ತಾಮ್ರದ ಕೊಳವೆ, ಒಳಗೆ ನೀರು ಹರಿಯದಿದ್ದರೆ ತಾನೇ ಕರಗುತ್ತದೆ. ಜೈರೋಟ್ರಾನಿನಿಂದ ಒಂದು ಮೆಗಾವಾಟ್ ಹೊರಬರುವ ಕಿಟಕಿ ಕೃತಕ ವಜ್ರದ ಬಿಲ್ಲೆ, ಅದರ ಅಂಚಿಗೂ ನೀರು ಹರಿಯಲೇಬೇಕು.