ಮೂರನೇ ಗೇಮ್ ಮುಗಿಯುವ ತನಕ ಹೊರಗೆ

ಟೆನಿಸ್ ಟೂರ್ನಿಗೆ ಮೊದಲ ಸಲ ಹೋದಾಗ ನಾನು ನೋಡಿದ ಮೊದಲ ವಸ್ತು ಒಂದು ಹಗ್ಗ. ಸ್ಟ್ಯಾಂಡಿನ ಮೆಟ್ಟಿಲ ಹತ್ತಿರ ಅದನ್ನು ಹಿಡಿದು ನಿಂತಿದ್ದ ಹುಡುಗ ನನ್ನನ್ನು ಒಳಗೆ ಬಿಡಲೇ ಇಲ್ಲ. ಕೈಯಲ್ಲಿ ಟಿಕೆಟ್ ಇದೆ, ಸೀಟ್ ನಂಬರ್ ಇದೆ, ಆದರೂ ಇಲ್ಲ ಅಂದರೆ ಇಲ್ಲ. ಒಳಗಿನಿಂದ ಚೆಂಡಿನ ಸದ್ದು ಬರ್ತಿದೆ, ಜನ ಚಪ್ಪಾಳೆ ಹೊಡೀತಿದ್ದಾರೆ, ನಾನು ಮುಂದೆ ನಿಂತವರ ಬೆನ್ನು ನೋಡ್ತಾ ನಿಂತಿದ್ದೇನೆ. ಆಟಗಾರರು ಸೈಡ್ ಬದಲಿಸುವಾಗ ಮಾತ್ರ ಜನರನ್ನು ಬಿಡುತ್ತಾರಂತೆ. ಅದು 1, 3, 5 ಹೀಗೆ ಬೆಸ ಸಂಖ್ಯೆಯ ಗೇಮ್ (ಕೆಲವು ಪಾಯಿಂಟ್ ಸೇರಿದರೆ ಒಂದು ಗೇಮ್, ಕೆಲವು ಗೇಮ್ ಸೇರಿದರೆ ಒಂದು ಸೆಟ್) ಮುಗಿದಾಗ, ಅದರಲ್ಲೂ ಮೊದಲ ಗೇಮ್ ಆದ ಮೇಲೆ ಅವರು ಕೂರುವುದೇ ಇಲ್ಲ, ಸುಮ್ನೆ ಈ ಕಡೆಯಿಂದ ಆ ಕಡೆಗೆ ನಡೆದುಬಿಡುತ್ತಾರೆ. ಹಾಗಾಗಿ ಸರಿಯಾದ ಬ್ರೇಕ್ ಸಿಗುವುದು ಮೂರನೇ ಗೇಮ್ ಮುಗಿದ ಮೇಲೆ. ಅದೂ 90 ಸೆಕೆಂಡ್. ಟೀವಿಯಲ್ಲಿ ಜಾಹೀರಾತು ಬರುವ ಆ ಹೊತ್ತಿನಲ್ಲಿ ಇಲ್ಲಿ ನೂರಾರು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಸೀಟು ಹುಡುಕುತ್ತಿರುತ್ತಾರೆ.

ಅಷ್ಟು ಕಷ್ಟಪಟ್ಟು ಕೂತರೆ, ಮೇಲಿನ ಸಾಲು. ಆಟಗಾರರ ಮುಖ ಕಾಣಲ್ಲ. ಸ್ವಲ್ಪ ಹೊತ್ತಿಗೆ ನೋಡಿಕೊಂಡರೆ ನಾನು ಕೋರ್ಟ್ ಬಿಟ್ಟು ದೊಡ್ಡ ಪರದೆ ನೋಡ್ತಿದ್ದೇನೆ! ಇದಕ್ಕೆ ಮನೆಯ ಸೋಫಾ ಸಾಕಾಗಿತ್ತು. ಎರಡನೇ ಸೆಟ್ಟಿನ ನಡುವೆ ಎದ್ದು ಹೊರಟೆ (ಹೊರಗೆ ಹೋಗುವುದಕ್ಕೂ ಸೈಡ್ ಬದಲಿಸುವ ತನಕ ಕಾಯಬೇಕು, ಗೊತ್ತಿರಲಿ).

ಹೊರಗೆ ಸಣ್ಣ ಕೋರ್ಟುಗಳು. ಯಾರ ಹೆಸರೂ ನನಗೆ ಗೊತ್ತಿಲ್ಲ. ಒಂದರಲ್ಲಿ ಬೇಸ್‌ಲೈನ್ (ಕೋರ್ಟಿನ ತುದಿಯ ಗೆರೆ) ಹಿಂದೆ, ಮೊದಲ ಸಾಲಲ್ಲೇ ಜಾಗ ಸಿಕ್ಕಿತು, ಆಟಗಾರನ ಉಸಿರು ಕೇಳುವಷ್ಟು ಹತ್ತಿರ. ಅಲ್ಲಿ ಕೂತ ಮೇಲೆ ನಾನು ಇಷ್ಟು ವರ್ಷ ನೋಡಿದ್ದು ಬೇರೆ ಯಾವುದೋ ಆಟ ಅನ್ನಿಸಿತು. ಟೀವಿ ಕ್ಯಾಮೆರಾ ಎತ್ತರದಲ್ಲಿರುತ್ತದೆ, ಅಲ್ಲಿಂದ ನೋಡಿದರೆ ಚೆಂಡು ನೆಟ್ಟನ್ನು ಸವರಿಕೊಂಡು ನೇರವಾಗಿ ಹೋದ ಹಾಗೆ ಕಾಣುತ್ತದೆ. ನೆಟ್ಟಿನ ಎತ್ತರ ನಡುವೆ 91.4 ಸೆಂಟಿಮೀಟರ್ ಅಲ್ವಾ, ಟಾಪ್‌ಸ್ಪಿನ್ ಹಾಕಿ, ಅಂದರೆ ಮುಂದಕ್ಕೆ ಉರುಳುವ ಹಾಗೆ ತಿರುಗಿಸಿ, ಹೊಡೆದ ಚೆಂಡು ಎಷ್ಟೋ ಸಲ ಅದರ ಮೇಲೆ ಇನ್ನೊಂದು ನೆಟ್ ಕಟ್ಟಿದರೂ ದಾಟುವಷ್ಟು ಎತ್ತರದಲ್ಲಿ ಬರುತ್ತದೆ. ಇದು ಔಟ್ ಅಂತ ಮನಸ್ಸಲ್ಲಿ ಅಂದುಕೊಳ್ಳುವಷ್ಟರಲ್ಲಿ ಧಡಕ್ಕನೆ ಕೆಳಗಿಳಿದು ಗೆರೆಯ ಒಳಗೆ ಬಿದ್ದು ಎದುರಾಳಿಯ ಭುಜದ ತನಕ ಪುಟಿಯುತ್ತದೆ. ಆ ತಿರುಗುವಿಕೆ ಕೆಳಗೆ ಕೂತರೆ ಮಾತ್ರ ಅರ್ಥ ಆಗೋದು.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಎರಡು ಪಾಯಿಂಟುಗಳ ನಡುವಿನ 25 ಸೆಕೆಂಡು. ನನ್ನ ಮುಂದೆ ಆಡುತ್ತಿದ್ದ ಹುಡುಗ ಪ್ರತಿ ಸರ್ವ್‌ಗೂ ಬಾಲ್ ಬಾಯ್ ಹತ್ತಿರ ಮೂರು ಚೆಂಡು ಇಸ್ಕೊಳ್ಳುತ್ತಿದ್ದ. ಮೂರನ್ನೂ ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದ, ಒಂದನ್ನು ಹಿಂದಕ್ಕೆ ತಟ್ಟುತ್ತಿದ್ದ, ಒಂದು ಜೇಬಿಗೆ, ಒಂದು ಕೈಯಲ್ಲಿ. ಹೊಡೆತ ತಿಂದಷ್ಟೂ ಚೆಂಡಿನ ತುಪ್ಪಳ ಕೆದರಿಕೊಳ್ಳುತ್ತದೆ, ಕೆದರಿದ ಚೆಂಡು ಗಾಳಿಯಲ್ಲಿ ನಿಧಾನ. ಅದಕ್ಕೇ ನುಣ್ಣಗಿರುವುದು ಮೊದಲ ಸರ್ವ್‌ಗೆ. ಚೆಂಡುಗಳನ್ನು ಮೊದಲ 7 ಗೇಮ್ ಆದ ಮೇಲೆ, ಆಮೇಲೆ 9 ಗೇಮ್‌ಗೊಮ್ಮೆ ಬದಲಿಸುತ್ತಾರೆ (ಮೊದಲು ವಾರ್ಮ್‌ಅಪ್‌ನಲ್ಲೂ ಅವೇ ಬಳಕೆಯಾಗಿರುತ್ತವೆ, ಅದಕ್ಕೆ ಎರಡು ಕಡಿಮೆ). ಹೊಸ ಚೆಂಡು ಬಂದಾಗ ಸರ್ವ್ ಮಾಡುವವನು ಅದನ್ನು ಎತ್ತಿ ಎದುರಾಳಿಗೆ ತೋರಿಸಿದ. ಜೋರಾಗಿ ಬರುತ್ತದೆ, ಹುಷಾರು ಅಂತ. ಟೀವಿಯಲ್ಲಿ ಆ ಹೊತ್ತಿಗೆ ರಿಪ್ಲೇ ಹಾಕಿರುತ್ತಾರೆ.

ಲೈನ್ ಜಡ್ಜ್‌ಗಳು ಮಾತ್ರ ಇರಲಿಲ್ಲ. ಪುರುಷರ ವೃತ್ತಿಪರ ಟೂರ್ನಿಗಳನ್ನು ನಡೆಸುವ ಎಟಿಪಿ ಟೂರ್ 2025ರಿಂದ ಗೆರೆ ನೋಡುವ ಕೆಲಸ ಕ್ಯಾಮೆರಾಗಳಿಗೇ ಕೊಟ್ಟಿದೆ, ವಿಂಬಲ್ಡನ್ ಕೂಡ ಅದೇ ವರ್ಷ ಅದೇ ದಾರಿ ಹಿಡಿಯಿತು. ಸ್ಪೀಕರ್‌ನಿಂದ "ಔಟ್" ಅಂತ ಧ್ವನಿ ಬರುತ್ತದೆ. ತಪ್ಪು ಕಡಿಮೆ, ಒಪ್ಪಿದೆ. ಆದರೆ ಜಗಳಕ್ಕೆ ಯಾರೂ ಇಲ್ಲದೆ ಆಟಗಾರ ಸ್ಪೀಕರನ್ನೇ ದುರುಗುಟ್ಟಿ ನೋಡುವುದು ನೋಡಿ ನಗು ಬಂತು.

ಇನ್ನೊಂದು, ಡಬಲ್ಸ್ ಬಿಡಬೇಡಿ. ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಾವೆಲ್ಲ ಕುಣಿದಿದ್ದೆವು, ಆದರೆ ಎಷ್ಟು ಜನ ಒಂದು ಪೂರ್ತಿ ಡಬಲ್ಸ್ ಮ್ಯಾಚ್ ನೋಡಿದ್ದೀವಿ ಹೇಳಿ? ನೆಟ್ ಹತ್ತಿರ ನಿಂತವನು ಸರ್ವ್ ಮಾಡುವ ಜೊತೆಗಾರನಿಗೆ ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡುತ್ತಾನೆ. ಸರ್ವ್ ಮಾಡುವವನ ಹಿಂದೆ ಕೂತರೆ ಆ ಗುಟ್ಟು ನಮಗೂ ಕಾಣುತ್ತದೆ. ಎದುರಿನವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವ ಖುಷಿಯೇ ಬೇರೆ.

ಸಣ್ಣ ಕೋರ್ಟು ಅಂದರೆ ಮೂಗು ಮುರಿಯುವವರಿಗೆ ನಾನು 2010ರ ವಿಂಬಲ್ಡನ್ ನೆನಪಿಸುತ್ತೇನೆ. ಅಮೆರಿಕದ ಜಾನ್ ಇಸ್ನರ್ ಮತ್ತು ಫ್ರಾನ್ಸಿನ ನಿಕೊಲಾ ಮಾಹು ನಡುವಿನ ಮ್ಯಾಚ್ ಮೂರು ದಿನ ನಡೆಯಿತು, ಒಟ್ಟು 11 ಗಂಟೆ 5 ನಿಮಿಷ, ಕೊನೆಯ ಸೆಟ್ 70-68. ಅದು ಆಗಿದ್ದು ಮೊದಲ ಸುತ್ತಿನಲ್ಲಿ, 18ನೇ ಕೋರ್ಟಿನಲ್ಲಿ.

ನನ್ನ ಆ ಹುಡುಗ ಸೋತ. ರ‍್ಯಾಕೆಟ್‌ಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿ, ಟವೆಲ್ ಹೆಗಲಿಗೆ ಹಾಕಿ, ಕಂಬಿ ಹತ್ತಿರ ನಿಂತಿದ್ದ ಒಂದು ಮಗುವಿಗೆ ಚೆಂಡಿನ ಮೇಲೆ ಸಹಿ ಹಾಕಿ ಕೊಟ್ಟು ಹೋದ. ಸ್ವಲ್ಪ ಹೊತ್ತಿಗೆ ಮುಂದಿನ ಇಬ್ಬರು ಬಂದರು. ದೊಡ್ಡ ಕೋರ್ಟಿನ ಕಡೆಯಿಂದ ಒಂದು ದೊಡ್ಡ ಕೂಗು ಕೇಳಿತು, ಯಾರೋ ಸೆಟ್ ಗೆದ್ದಿರಬೇಕು. ಎದ್ದರೆ ಈ ಮೊದಲ ಸಾಲು ಹೋಗುತ್ತದೆ ಅಂತ ನಾನು ಕೂತಲ್ಲೇ ಕೂತೆ.