‘ತಿಳಿದಷ್ಟು ಕೊಡ್ರಿ’ ಅನ್ನೋ ಮಾತು ಬಿಟ್ಟ ಮೇಲೆ

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನಾನು 34 ವರ್ಷ ಮೇಂಟೆನನ್ಸ್ ಫಿಟರ್ ಆಗಿದ್ದೆ. 2021ರ ಜುಲೈನಲ್ಲಿ 58 ತುಂಬಿತು. ಶಾಲು ಹೊದಿಸಿ ಕಳಿಸಿದರು. ಮುಂದಿನ ತಿಂಗಳೇ ಸ್ವಂತ ಕೆಲಸ ಶುರು ಮಾಡಿದೆ. ಹಳೆಯ ಲೇಥ್ (ಲೋಹದ ಮಾಲನ್ನು ತಿರುಗಿಸುತ್ತಾ ಕಡೆಯುವ ಮಷೀನು), ಮಿಲ್ಲಿಂಗ್ ಮಷೀನುಗಳ ರಿಪೇರಿ, ಲೆವೆಲಿಂಗ್ ಅಂದರೆ ಮಷೀನನ್ನು ಸಮತಟ್ಟಾಗಿ ಕೂರಿಸೋದು, ಸ್ಕ್ರೇಪಿಂಗ್ ಅಂದರೆ ಮಷೀನಿನ ಜಾರುವ ಮೈಯನ್ನು ಕೆರೆದು ಸಪಾಟು ಮಾಡೋದು. ನಮ್ಮೂರಲ್ಲಿ ಈ ಕೆಲಸಕ್ಕೆ ಬರ ಇಲ್ಲ. ಫೌಂಡ್ರಿಯ ಎರಕದ ಮಾಲಿಗೆ ಮಷೀನಿಂಗ್ ಮಾಡಿಕೊಡುವ ಸಣ್ಣ ಶೆಡ್‌ಗಳು ಉದ್ಯಮಬಾಗ, ಮಚ್ಛೆ ಕಡೆ ಸಾಲಾಗಿ ನಿಂತಿವೆ.

ಸುಮ್ನೆ ಮನೆಯಲ್ಲಿ ಕೂರಬಹುದಿತ್ತಲ್ಲ ಅಂತ ಕೆಲವರು ಕೇಳಿದರು. ಪಿಎಫ್ ಪೆನ್ಷನ್ ಲೆಕ್ಕ ಗೊತ್ತಿದ್ದವರು ಹಾಗೆ ಕೇಳಲ್ಲ. ನಮ್ಮಂಥ ಹೆಚ್ಚಿನವರಿಗೆ ಸಂಬಳ ಎಷ್ಟೇ ಇರಲಿ, ಪೆನ್ಷನ್‌ಗೆ ಹಿಡಿಯೋದು 15,000 ರೂಪಾಯಿ ತನಕ ಮಾತ್ರ. 2014ಕ್ಕೆ ಮೊದಲು ಆ ಮಿತಿ ಇನ್ನೂ ಕಡಿಮೆ ಇತ್ತು. ಆಯಾ ಕಾಲದ ಮಿತಿಯನ್ನು ಆಯಾ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನನ್ನ ಕೈಗೆ ಬಂದದ್ದು ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು.

ಮೊದಲ ಕರೆ ಮಚ್ಛೆಯಿಂದ ಬಂತು. ಮೂವತ್ತರ ಹರೆಯದ ಹುಡುಗ, ಒಂದೇ ಲೇಥ್ ಇಟ್ಟುಕೊಂಡು ಶೆಡ್ ನಡೆಸುತ್ತಿದ್ದ. ಉದ್ದನೆಯ ಶಾಫ್ಟ್ ಟರ್ನ್ ಮಾಡಿದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ನಾಲ್ಕು ಶಾಫ್ಟ್ ರಿಜೆಕ್ಟ್ ಆಗಿದ್ದವು. ಹೆಡ್‌ಸ್ಟಾಕ್ (ಶಾಫ್ಟ್ ತಿರುಗಿಸುವ ತಲೆಭಾಗ) ಬಿಚ್ಚಬೇಕು ಅಂತ ಯಾರೋ ಹೇಳಿ ಹೋಗಿದ್ದರು. ನಾನು ಮಷೀನಿಗೆ ಕೈ ಹಚ್ಚುವ ಮೊದಲು ಕೇಳಿದೆ, ‘ಇದನ್ನ ಇತ್ತೀಚಿಗೆ ಜಾಗಾ ಬದಲಿ ಮಾಡಿದ್ರೇನು?’ ಹೌದು, ಎರಡು ತಿಂಗಳ ಹಿಂದೆ ಗೋಡೆಯ ಕಡೆಗೆ ಸರಿಸಿದ್ದರು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಬೆಡ್ ಅಂದರೆ ಮಷೀನಿನ ಉದ್ದನೆಯ ತಳಪಾಯ, ಅದರ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟೆ. ಮೀಟರಿಗೆ 0.02 ಮಿಲಿಮೀಟರ್ ಏರುಪೇರು ತೋರಿಸುವ ಲೆವೆಲ್ ಅದು. ಮಾಲು ಹಿಡಿಯುವ ಚಕ್ ಕಡೆ ಒಂದು ಥರ ನಿಂತಿತು, ಆಚೆ ತುದಿಯ ಟೇಲ್‌ಸ್ಟಾಕ್ ಕಡೆ ಇನ್ನೊಂದು ಥರ. ಅಂದರೆ ಬೆಡ್ ತಿರುಚಿಕೊಂಡಿದೆ. ಬೆಡ್ ತಿರುಚಿದರೆ ಟೂಲ್ ಹೊತ್ತ ಕ್ಯಾರೇಜ್ ಹೋಗುವ ದಾರಿಯೇ ಸೊಟ್ಟಾಗುತ್ತದೆ, ಆಮೇಲೆ ಟೇಪರ್ (ಒಂದು ತುದಿ ದಪ್ಪ, ಒಂದು ತುದಿ ಸಣ್ಣ) ಬರದೆ ಇನ್ನೇನು? ಬುಡದ ಬೋಲ್ಟುಗಳನ್ನು ಒಂದೊಂದಾಗಿ ಹೊಂದಿಸಿದೆ. ಒಂದೂವರೆ ತಾಸಿನ ಕೆಲಸ. ಟ್ರಯಲ್ ತೆಗೆದರೆ ಶಾಫ್ಟ್ ಸರಿ ಬಂತು.

‘ಎಷ್ಟ ಕೊಡ್ಲಿ ಕಾಕಾ?’

‘ನಿಮಗ ತಿಳಿದಷ್ಟ ಕೊಡ್ರಿ.’

ಮುನ್ನೂರು ರೂಪಾಯಿ ಕೊಟ್ಟ. ಪ್ರೀತಿಯಿಂದಲೇ ಕೊಟ್ಟ, ಚಹಾನೂ ಕುಡಿಸಿದ. ಅವನದು ತಪ್ಪಿಲ್ಲ. ಅವನ ಕಣ್ಣಿಗೆ ಕಂಡದ್ದು ಒಂದೂವರೆ ತಾಸು, ನಾಲ್ಕು ಬೋಲ್ಟು. ಆದರೂ ಮನೆಗೆ ಬರುವಾಗ ಮನಸ್ಸು ಭಾರ ಆಗಿತ್ತು. ಆ ಒಂದು ಪ್ರಶ್ನೆ ಕೇಳೋದಕ್ಕೆ ನನಗೆ 34 ವರ್ಷ ಬೇಕಾಗಿತ್ತು ಅಲ್ವಾ?

ಮನೆಯವಳಿಗೆ ಹೇಳಿದೆ. ಅವಳು 25 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹೊಲಿಗೆ ನಿಲ್ಲಿಸದೇ ಅಂದಳು: ‘ನಾ ಅಳತಿ ತಗೊಳ್ಳೂಕಿಂತ ಮೊದ್ಲ ರೇಟ್ ಹೇಳ್ತೀನ್ರಿ. ಅರಿವಿ ಕತ್ತರಿಸಿದ ಮ್ಯಾಲೆ ಹೇಳಿದ್ರ ಇಬ್ಬರಿಗೂ ಬ್ಯಾಸರ.’ ಸ್ವಂತ ಉದ್ಯೋಗ ಅಂತ ನಾನು ಹೊಸದಾಗಿ ಕಲಿಯುತ್ತಿದ್ದದ್ದನ್ನು ಅವಳು ನನ್ನ ಪಕ್ಕದ ಕೋಣೆಯಲ್ಲಿ ಕೂತು ಇಷ್ಟು ವರ್ಷ ಮಾಡಿದ್ದಳು. ಇವತ್ತಿಗೂ ನನ್ನ ದರದ ಮಾತು ಬಂದರೆ ಮೊದಲು ಅವಳನ್ನೇ ಕೇಳುತ್ತೇನೆ.

ಅವತ್ತೇ ರಾತ್ರಿ ಇಬ್ಬರೂ ಕೂತು ಬರೆದೆವು. ಬಂದು ನೋಡೋದಕ್ಕೆ 500. ಲೆವೆಲಿಂಗ್ ಒಂದು ಮಷೀನಿಗೆ 1,500. ಸ್ಕ್ರೇಪಿಂಗ್ ದಿನಕ್ಕೆ 2,000, ಅರ್ಧ ಮುಂಗಡ. ಫೋನಿನಲ್ಲೇ ಹೇಳಿಬಿಡುತ್ತೇನೆ. ಮೊದಮೊದಲು ದನಿ ನಡುಗುತ್ತಿತ್ತು. ಕೆಲವರು ಬೇಡ ಅಂದರು. ಉಳಿದವರು ಜಗಳ ಮಾಡಲಿಲ್ಲ.

ಇನ್ನೊಂದು ಬದಲಾವಣೆ ಕಾಗದದ್ದು. ಕಂಪನಿಯಲ್ಲಿ ಜಾಬ್ ಕಾರ್ಡ್ ಬರೆಯೋರು ಬೇರೆ ಇದ್ದರು. ಈಗ ನಾನೇ ಬರೆಯುತ್ತೇನೆ: ಮೊದಲು 300 ಮಿಲಿಮೀಟರಿಗೆ 0.08 ಟೇಪರ್ ಇತ್ತು, ಈಗ 0.01. ಸ್ಕ್ರೇಪಿಂಗ್‌ನಲ್ಲಂತೂ ಇದು ತೀರಾ ಅವಶ್ಯ. ಸ್ಟ್ರೇಟ್ ಎಡ್ಜ್ ಅನ್ನೋ ನೇರ ಪಟ್ಟಿಗೆ ತೆಳ್ಳಗೆ ಬ್ಲೂ (ನೀಲಿ ಬಣ್ಣ) ಹಚ್ಚಿ ಮಷೀನಿನ ಸ್ಲೈಡ್ ಮೇಲೆ ಉಜ್ಜುತ್ತೇವೆ. ಉಬ್ಬಿದ ಕಡೆ ಬಣ್ಣ ಹತ್ತುತ್ತದೆ. ಅಷ್ಟನ್ನೇ ಕೆರೆದು ಮತ್ತೆ ಉಜ್ಜಬೇಕು, ಮತ್ತೆ ಕೆರೆಯಬೇಕು. ಒಂದು ಚದರ ಇಂಚಿನಲ್ಲಿ 10-12 ಚುಕ್ಕೆ ಕಾಣುವ ತನಕ ನಾನು ಬಿಡಲ್ಲ. ಮೂರು ದಿನ ಕೆರೆದದ್ದು ನೋಡುವವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಅದಕ್ಕೆ ಮೊದಲ ದಿನದ ಬ್ಲೂ ಗುರುತು, ಕೊನೆಯ ದಿನದ ಗುರುತು, ಎರಡರದೂ ಫೋಟೋ ತೆಗೆದು ಮಾಲಕರಿಗೆ ತೋರಿಸುತ್ತೇನೆ.

ಬಾಕಿಯ ಕಥೆಯೂ ಹೇಳಬೇಕು. ಒಂದು ಕಡೆ 18,000 ರೂಪಾಯಿ ಏಳು ತಿಂಗಳು ನಿಂತಿತು. ‘ನಾಳೆ ಬರ್ರಿ’ ಅನ್ನೋದೇ ಉತ್ತರ. ಆ ವಿಷಯ ಕೇಳಿದ ಲೆಕ್ಕಪತ್ರದ ಗೆಳೆಯರೊಬ್ಬರು ನನಗೆ ಉದ್ಯಮ್ ನೋಂದಣಿ ಮಾಡಿಸಿದರು, ಅಂದರೆ ಸಣ್ಣ ಉದ್ಯಮ ಅಂತ ಸರಕಾರದಲ್ಲಿ ಹೆಸರು ದಾಖಲಿಸೋದು. ಸರಕಾರಿ ಜಾಲತಾಣದಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಆದ ಕಾಯ್ದೆ ಹೀಗನ್ನುತ್ತದೆ: ಬರೆದುಕೊಂಡ ಕರಾರು ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು, ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ಬಡ್ಡಿ. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂತು. ಆ ಅವಧಿ ದಾಟಿ ಬಾಕಿ ಉಳಿಸಿಕೊಂಡವರು ಹಣ ಕೊಡುವ ತನಕ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ನಾನು ಯಾರ ಮೇಲೂ ದೂರು ಕೊಟ್ಟಿಲ್ಲ. ಉದ್ಯಮ್ ನಂಬರು ಬಿಲ್ಲಿನ ಮೇಲೆ ಬಂದ ಮೇಲೆ ‘ನಾಳೆ ಬರ್ರಿ’ ಕಡಿಮೆ ಆಗಿದೆ. ಹೊಸಬರು ಮೊದಲ ಕೆಲಸ ಹಿಡಿಯುವ ಮೊದಲೇ ಇದನ್ನು ಮಾಡಿಸಿಕೊಳ್ಳಿ. ಜಿಎಸ್‌ಟಿ ಬಗ್ಗೆ ಹೆದರಬೇಡಿ, ನಮ್ಮಂಥ ಸೇವೆಯ ಕೆಲಸಕ್ಕೆ ವರ್ಷಕ್ಕೆ 20 ಲಕ್ಷದ ತನಕ ಬೇಕಾಗಿಲ್ಲ.

ಪಿಎಫ್ ದುಡ್ಡಿನಲ್ಲಿ ನಾನು ತೆಗೆದದ್ದು 40,000 ಮಾತ್ರ. ಲೆವೆಲ್, ಡಯಲ್ ಗೇಜ್, ಟೆಸ್ಟ್ ಮ್ಯಾಂಡ್ರಲ್, ಇಂಥ ಅಳತೆಯ ಸಾಮಾನು ಅಷ್ಟೇ. ನಮ್ಮ ವಯಸ್ಸಿನವರು ಇಡೀ ಪಿಎಫ್ ಸುರಿದು ಮಷೀನು ಕೊಳ್ಳೋದು ನೋಡಿದರೆ ನನಗೆ ಸಂಕಟ ಆಗುತ್ತದೆ. ಕಳೆದುಕೊಂಡರೆ ಮತ್ತೆ ಗಳಿಸೋಕೆ ವರ್ಷಗಳು ಉಳಿದಿಲ್ಲ.

ಮೈಯೂ ಮೊದಲಿನಂತಿಲ್ಲ. ದಿನಕ್ಕೆ ನಾಲ್ಕು ತಾಸಿಗಿಂತ ಜಾಸ್ತಿ ಕೆರೆಯಲ್ಲ. ಐಟಿಐ ಮುಗಿಸಿದ ಹುಡುಗನೊಬ್ಬ ಜೊತೆಗಿದ್ದಾನೆ. ಭಾರ ಎತ್ತೋದು ಅವನು, ಚುಕ್ಕೆ ಓದೋದು ನಾನು. ಈಗೀಗ ಅವನೂ ಓದುತ್ತಾನೆ.

ಹೋದ ತಿಂಗಳು ಮಚ್ಛೆಯ ಅದೇ ಹುಡುಗನ ಫೋನು. ‘ಕಾಕಾ, ಎರಡನೇ ಲೇಥ್ ತಗೊಳ್ಳಾಕತ್ತೀನಿ, ಹಳೇದು. ನೋಡಾಕ ಬರ್ತೀರಿ? ನಿಮ್ಮ ರೇಟ್ ಮೊದ್ಲ ಹೇಳಿಬಿಡ್ರಿ.’ ಹೇಳಿದೆ. ಮಾರುವವರ ಶೆಡ್‌ನಲ್ಲಿ ಅರ್ಧ ದಿನ ಬೆಡ್ ಪರೀಕ್ಷೆ ಮಾಡಿದೆವು. ಮೇಲೆ ಹೊಸ ಬಣ್ಣ ಹೊಡೆದಿದ್ದರು, ಆದರೆ ಚಕ್ ಹತ್ತಿರ ಬೆಡ್ ಬಹಳ ಸವೆದಿತ್ತು. ಬೇಡ ಅಂದೆ. ಸ್ಪ್ಯಾನರ್ ಚೀಲದಿಂದ ಹೊರಗೇ ಬರಲಿಲ್ಲ. ಮಾತಾಡಿದಷ್ಟು ಹಣ ಸಂಜೆಗೆ ಫೋನಿಗೆ ಬಂತು.