ಮೇಲಿನ ಮನೆಯ ಹೆಜ್ಜೆ ಸದ್ದು

ಮೂರು ವಾರಗಳಿಂದ ರಾತ್ರಿ ಹತ್ತೂವರೆಯಾಯಿತೆಂದರೆ ಮೇಲಿನ ಮನೆಯಲ್ಲಿ ಹೆಜ್ಜೆ ಸದ್ದು ಶುರುವಾಗುತ್ತಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಐದಕ್ಕೆ ಏಳಬೇಕಾದ ನಾನು ಕತ್ತಲಲ್ಲಿ ಆ ಹೆಜ್ಜೆಗಳನ್ನು ಎಣಿಸುತ್ತ ಮಲಗಿರುತ್ತಿದ್ದೆ. ಒಂದು ಮಂಗಳವಾರ ತಡೆಯಲಾಗದೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ.

ತೆರೆದವನು ಕಾಲೇಜು ಓದುವ ಹುಡುಗ. ಕೈಯಲ್ಲಿ ಪುಸ್ತಕ, ಪುಟದ ನಡುವೆ ಬೆರಳು. ನಾನು ಬಾಯಿ ತೆರೆಯುವ ಮೊದಲೇ ಕ್ಷಮೆ ಕೇಳಿದ. ಆಮೇಲೆ ಮೆಲ್ಲಗೆ, "ಕುಳಿತು ಓದಿದ್ದು ನನಗೆ ಉಳಿಯುವುದಿಲ್ಲ. ಕಾಲು ನಿಂತರೆ ತಲೆ ಎಲ್ಲಿಗೋ ಹೊರಟುಬಿಡುತ್ತದೆ" ಎಂದ.

ಬೈಯಲೆಂದೇ ಹೋಗಿದ್ದೆ. ದಪ್ಪ ಕಾಲುಚೀಲ ಹಾಕಿಕೊಂಡು ನಡೆಯಪ್ಪ ಎಂದಷ್ಟೇ ಹೇಳಿ ಇಳಿದು ಬಂದೆ. ಆ ರಾತ್ರಿ ಸದ್ದು ನಿಂತ ಮೇಲೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ತಮ್ಮ ಕಾಣುತ್ತಿದ್ದ.

ನನ್ನ ತಮ್ಮ ಮಗ್ಗಿ ಕಲಿತದ್ದು ಗೋಡೆಗೆ ರಬ್ಬರ್ ಚೆಂಡು ಎಸೆಯುತ್ತ. ಏಳೊಂದ್ಲ ಏಳು ಎಂದು ಎಸೆಯುವುದು, ಏಳೆರಡ್ಲ ಹದಿನಾಲ್ಕು ಎಂದು ಹಿಡಿಯುವುದು. ಕುಳಿತು ಹೇಳು ಎಂದರೆ ಏಳೈದ್ಲದ ಹತ್ತಿರ ಎಡವುತ್ತಿದ್ದ. ಅವನನ್ನು ಕುಳ್ಳಿರಿಸಿ ಓದಿಸುವ ಕೆಲಸ ಮನೆಯಲ್ಲಿ ನನ್ನದಾಗಿತ್ತು. ಒಂದು ದಿನ ಆ ಚೆಂಡನ್ನು ಕಿತ್ತುಕೊಂಡು ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟೆ. ಅವನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಕಾಲೇಜಿನ ಎರಡನೆಯ ವರ್ಷದಲ್ಲಿ ಅವನು ಓದು ಬಿಟ್ಟಾಗ ಎಲ್ಲರೂ ಸೋಮಾರಿ ಎಂದರು. ನಾನೂ ಹಾಗೆಂದೆ.

ಭಾನುವಾರ ಆ ಹುಡುಗನೇ ಕೆಳಗಿಳಿದು ಬಂದ. ಎರಡು ಗಂಟೆ ಮಾತಾಡಿದೆವು. ಅವನು ಕುರ್ಚಿಯಲ್ಲಿ ಕುಳಿತದ್ದು ಹತ್ತು ನಿಮಿಷವಿರಬಹುದು. ಅವನಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಮೈ ಸುಮ್ಮನಿರದ ತೊಂದರೆ) ಇದೆಯೆಂದು ವೈದ್ಯರು ಗುರುತಿಸಿದ್ದು ಹತ್ತೊಂಬತ್ತರ ವಯಸ್ಸಿನಲ್ಲಿ. ಈ ತೊಂದರೆಯ ಲಕ್ಷಣಗಳಲ್ಲಿ ಹಲವು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು ಎಂಬುದು ರೋಗನಿರ್ಣಯದ ನಿಯಮ. ಹಾಗಾದರೆ ಶಾಲೆಯಲ್ಲಿ ಯಾರಿಗೂ ಏಕೆ ತಿಳಿಯಲಿಲ್ಲ? ಅಲ್ಲಿ ಗಂಟೆ ಬಾರಿಸುತ್ತಿತ್ತು, ಮನೆಯಲ್ಲಿ ತಾಯಿ ಬೆನ್ನ ಹಿಂದೆ ನಿಂತಿರುತ್ತಿದ್ದರು, ಸಂಜೆ ಮೈದಾನವಿತ್ತು. ಕಾಲೇಜಿಗೆ ಬಂದ ದಿನ ಆ ಬೇಲಿಗಳೆಲ್ಲ ಒಟ್ಟಿಗೆ ಬಿದ್ದವು. ಎಲ್ಲಕ್ಕಿಂತ ಮೊದಲು ಬಿಟ್ಟುಹೋದದ್ದು ಆಟ.

ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುತ್ತಾನೆ. ಅದನ್ನು ಬಿಡಬಾರದು, ವ್ಯಾಯಾಮ ಅದರ ಜೊತೆಗೆ ಇರಬೇಕಾದದ್ದು ಎಂದು ಅವನ ವೈದ್ಯರು ಖಚಿತವಾಗಿ ಹೇಳಿದ್ದಾರಂತೆ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಓಡಿದರೆ ಸಾಕು, ಔಷಧಿ ಬೇಡ ಎನ್ನುವವರು ಎಲ್ಲ ಕಡೆಯೂ ಇದ್ದಾರೆ.

ಅವನು ಕಂಡುಕೊಂಡ ಕ್ರಮ ನನಗೆ ಬಹಳ ಹಿಡಿಸಿತು. ಅತಿ ಕಷ್ಟದ ವಿಷಯಕ್ಕೆ ಕೂರುವ ಮೊದಲು 25 ನಿಮಿಷ ಓಡುತ್ತಾನೆ, ಇಲ್ಲವೇ ಹಗ್ಗ ಬೀಸಿ ಜಿಗಿಯುತ್ತಾನೆ. ಓದಿ ಮುಗಿಸಿದ ಬಹುಮಾನವಾಗಿ ಓಟವಲ್ಲ, ಓದಿನ ಬಾಗಿಲು ತೆರೆಯಲು ಓಟ. ಮೈ ಬಿಸಿಯಾದಾಗ ಮೆದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಚಟುವಟಿಕೆ ಹೆಚ್ಚುತ್ತದೆ. ಅವನ ಮಾತ್ರೆ ಕೆಲಸ ಮಾಡುವುದೂ ಇವುಗಳ ಮೇಲೆಯೇ. ಓಟದ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ಓಡಿ ಬಂದು ಮೊಬೈಲ್ ಹಿಡಿದರೆ ಎಲ್ಲವೂ ವ್ಯರ್ಥ. ಬೂಟು ಬಿಚ್ಚುವ ಜಾಗದಲ್ಲೇ ಪುಸ್ತಕ ತೆರೆದಿಟ್ಟು ಹೋಗುತ್ತಾನಂತೆ.

ಸಂಜೆ ಅವನ ಕಾಲೇಜಿನಲ್ಲಿ ತಾಯ್ ಚಿ ಎಂಬ, ನಿಧಾನ ಚಲನೆಯ ಚೀನೀ ವ್ಯಾಯಾಮದ ತರಗತಿ ಇದೆ. ಗುರುವಾರ ನನ್ನನ್ನೂ ಕರೆದೊಯ್ದ. ಹದಿನೈದು ಇಪ್ಪತ್ತು ಮಕ್ಕಳು, ಮಂಡಿ ಸ್ವಲ್ಪ ಬಾಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನೀರು ಸುರಿದಂತೆ ಸಾಗಿಸುತ್ತಿದ್ದರು. ಕಣ್ಣು ಮುಚ್ಚಿ ಅಲುಗಾಡದೆ ಕೂರುವ ಧ್ಯಾನ ಇವನಿಗೆ ಮೊದಮೊದಲು ಶಿಕ್ಷೆಯಂತಿತ್ತು. ಮನಸ್ಸು ಅಲೆಯುತ್ತಿದೆಯೆಂದು ಗೊತ್ತಾಗುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತಿತ್ತು. ಇಲ್ಲಿ ಹಾಗಲ್ಲ. ಮನಸ್ಸು ಜಾರಿದ ಕ್ಷಣವೇ ಪಾದ ತಪ್ಪುತ್ತದೆ, ಪಾದವೇ ಮನಸ್ಸನ್ನು ಕರೆದು ತರುತ್ತದೆ. ನಾನೂ ನಿಂತು ನೋಡಿದೆ. ಮನೆಯ ಯಾವುದೋ ಲೆಕ್ಕ ನೆನಪಾದದ್ದೇ ತಡ, ಎಡಗಾಲು ವಾಲಿತು.

ಮನೆಗೆ ಬಂದು ಹುಡುಕಿ ಓದಿದೆ. 2014ರಲ್ಲಿ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು ತಾಯ್ ಚಿ ಕಲಿತ ಆರೋಗ್ಯವಂತ ಯುವಜನರನ್ನು ಗಮನಿಸಿ, ಅವರೇ ಹೇಳಿಕೊಂಡ ಗಮನದ ತೊಂದರೆ ಕಡಿಮೆಯಾದದ್ದನ್ನು ಪ್ರಕಟಿಸಿದ್ದಾರೆ. 2008ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎಡಿಎಚ್‌ಡಿ ಇರುವ ವಯಸ್ಕರಿಗೂ ಹದಿಹರೆಯದವರಿಗೂ ರೂಪಿಸಿದ 8 ವಾರಗಳ ಧ್ಯಾನ ತರಬೇತಿಯನ್ನು ದಿನಕ್ಕೆ ಐದೇ ನಿಮಿಷದಿಂದ ಆರಂಭಿಸಿದ್ದರು. ಕೂರಲಾಗದವರಿಗೆ ನಡೆಯುತ್ತ ಧ್ಯಾನ ಮಾಡುವ ದಾರಿಯೂ ಇತ್ತು. ಇವೆಲ್ಲ ಇನ್ನೂ ಚಿಕ್ಕ ಅಧ್ಯಯನಗಳು, ದೊಡ್ಡ ಭರವಸೆಯನ್ನು ಅವುಗಳ ಮೇಲೆ ಹೊರಿಸಲಾರೆ. ಆದರೆ ಕೂರಲಾಗದವರೂ ಇದ್ದಾರೆ ಎಂಬುದನ್ನು ಒಪ್ಪಿಕೊಂಡೇ ಯಾರೋ ಪಾಠ ಕಟ್ಟಿದ್ದಾರಲ್ಲ, ಅದನ್ನು ಓದುವಾಗ ಗಂಟಲು ಕಟ್ಟಿತು.

1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಜಾನ್ ಕಬಟ್-ಜಿನ್ ಅವರು ಶುರುಮಾಡಿದ ಒತ್ತಡ ನಿವಾರಣೆಯ ತರಬೇತಿಯಲ್ಲಿ ಹಠಯೋಗದ ಆಸನಗಳೂ ಇದ್ದವು. ಇಂಥದ್ದನ್ನು ಓದಿದಾಗ ಹೊರನಾಡಿನಲ್ಲಿರುವ ನಮ್ಮಂಥವರ ಎದೆ ಉಬ್ಬುತ್ತದೆ. ಆದರೆ ಉಸಿರು, ಪಾದ, ಮನಸ್ಸು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಕೊಟ್ಟ ನಾವೇ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಆಟದ ಅವಧಿಯನ್ನು ಮೊದಲು ಕಸಿಯುತ್ತೇವೆ. ಯಾರಿಗೆ ಅದು ಅತಿ ಅಗತ್ಯವೋ ಅವರಿಂದಲೇ ಶಿಕ್ಷೆಯೆಂದು ಕಸಿಯುತ್ತೇವೆ.

ನಿನ್ನೆ ತಮ್ಮನಿಗೆ ಫೋನ್ ಮಾಡಿದೆ. ಹಿಂದಿನಿಂದ ಚಪ್ಪಲಿಯ ಸದ್ದು ಕೇಳುತ್ತಿತ್ತು. ಇಷ್ಟು ವರ್ಷ ಅವನೊಡನೆ ಮಾತಾಡುವಾಗೆಲ್ಲ ಕೇಳಿದ ಸದ್ದೇ ಅದು. ನಾನು ಗಮನಿಸಿರಲಿಲ್ಲ.

ಹುಡುಗನ ವಿಷಯವನ್ನೆಲ್ಲ ಹೇಳಿದೆ. ಈಗಲೂ ತೋರಿಸಿಕೊಳ್ಳಬಹುದು, ದೊಡ್ಡವರಿಗೂ ಪರೀಕ್ಷೆಯಿದೆ, ಚಿಕಿತ್ಸೆಯಿದೆ ಎಂದೆ. "ನೋಡೋಣ ಅಕ್ಕ" ಎಂದ. ಕೊನೆಗೆ ಚೆಂಡಿನ ಮಾತು ಎತ್ತಿದೆ. ಅಂದು ಅದನ್ನು ಬಚ್ಚಿಟ್ಟವಳು ನಾನೇ, ತಪ್ಪಾಯಿತು ಎಂದೆ.

ಚಪ್ಪಲಿಯ ಸದ್ದು ನಿಂತಿತು.

"ಪೆಟ್ಟಿಗೆಯ ಹಿಂದೆ ತಾನೇ? ನನಗೆ ಮರುದಿನವೇ ಗೊತ್ತಾಗಿತ್ತು ಅಕ್ಕ. ನೀನು ಕಾಲೇಜಿಗೆ ಹೋದ ಮೇಲೆ ತೆಗೆದು ಆಡಿ, ನೀನು ಬರುವುದರೊಳಗೆ ಅಲ್ಲೇ ಇಟ್ಟುಬಿಡುತ್ತಿದ್ದೆ."